ಅಪ್ಪನ ಹಾರ್ಟ್ ಪಂಪಿಂಗ್ ಅಳೆಯೋ ಹೊಸ ಮಿಷನ್ ಟ್ರಯಲ್‌ಗೆ ಸೈನ್ ಕೇಳ್ತಿದ್ದಾರೆ, ಹಾಕ್ಬೋದಾ?

ಪಾಂಡವಪುರ_ಆಲೆಮನೆ
ಎಲ್ರಿಗೂ ನಮಸ್ಕಾರ. ನಮ್ಮಪ್ಪನಿಗೆ 61 ವರ್ಷ, ಯುಗಾದಿ ಆದ್ಮೇಲೆ ಹಾರ್ಟ್ ಅಟ್ಯಾಕ್ ಆಗಿ ಮೈಸೂರಲ್ಲಿ ಒಂದು ಸ್ಟೆಂಟ್ ಹಾಕ್ಸಿದ್ವಿ. ಎಕೋದಲ್ಲಿ (ಹಾರ್ಟ್ ಸ್ಕ್ಯಾನಿಂಗ್) ಇಎಫ್ 35 ಅಂತ ಬಂದಿದೆ. ಮೊನ್ನೆ ಚೆಕಪ್‌ಗೆ ಹೋದಾಗ ಒಬ್ರು ಮೇಡಂ ಬಂದು, ಕತ್ತು ಎದೆಗೆ ಸ್ಟಿಕ್ಕರ್ ಅಂಟ್ಸಿ ಪಂಪಿಂಗ್ ಅಳೆಯೋ ಹೊಸ ಮಿಷನ್ ಬಂದಿದೆ, ಅದು ಸರಿಯಾಗಿ ತೋರ್ಸುತ್ತಾ ಅಂತ ಎಕೋ ಜೊತೆ ಹೋಲ್ಸಿ ನೋಡ್ತೀವಿ, ನಿಮ್ಮಪ್ಪ ಸೇರ್ಕೋತಾರಾ ಅಂತ ನಾಲ್ಕು ಪೇಜಿನ ಫಾರಂ ಕೊಟ್ರು. ಅಪ್ಪ "ನನ್ ಮೇಲೆ ಪ್ರಯೋಗ ಮಾಡಕ್ಕೆ ನಾನೇನ್ ಇಲಿನಾ" ಅಂತ ಎದ್ದು ಬಂದ್ಬಿಟ್ರು. ಇನ್ನೊಂದು ಭಯ ಏನಂದ್ರೆ 35 ಅಂದ್ರೆ ಹಾರ್ಟ್ 35 ಪರ್ಸೆಂಟ್ ಮಾತ್ರ ಉಳ್ದಿದೆ ಅಂತ ತಿಳ್ಕೊಂಡು ರಾತ್ರಿ ನಿದ್ದೆ ಮಾಡ್ತಿಲ್ಲ. ಗೊತ್ತಿರೋರು ಹೇಳಿ ಪ್ಲೀಸ್.

ಎಕೋರೂಮ್_ಮಂಡ್ಯ
ಮೊದ್ಲು ಅಪ್ಪನ ಭಯ ಬಿಡ್ಸಿ. ಇಎಫ್ 35 ಅಂದ್ರೆ ಹಾರ್ಟ್ ತುಂಬ್ಕೊಂಡಾಗ 100 ಎಂಎಲ್ ರಕ್ತ ಇದ್ರೆ ಒಂದು ಬಡಿತಕ್ಕೆ 35 ಎಂಎಲ್ ಹೊರಗೆ ತಳ್ಳುತ್ತೆ ಅಂತ ಅಷ್ಟೇ. ಚೆನ್ನಾಗಿರೋರಿಗೂ 100 ಬರಲ್ಲ, 55ರಿಂದ 70 ಇರುತ್ತೆ. 35 ಕಮ್ಮಿನೇ, ಮಾತ್ರೆ ಬಿಡೋ ಹಂಗಿಲ್ಲ, ಆದ್ರೆ ಅಟ್ಯಾಕ್ ಆದ್ಮೇಲೆ ಮಾತ್ರೆ ತಗೊಂಡು ಕೆಲವು ತಿಂಗಳಲ್ಲಿ ಏರೋರೂ ಇದ್ದಾರೆ.

ಆ ಸ್ಟಿಕ್ಕರ್ ಮಿಷನ್ ಅಳೆಯೋದು ಬಹುಶಃ ಇಎಫ್ ಅಲ್ಲ, ಒಂದು ನಿಮಿಷಕ್ಕೆ ಎಷ್ಟು ಲೀಟರ್ ಪಂಪ್ ಆಗುತ್ತೆ ಅಂತ. ಬಡಿತಕ್ಕೆ 70 ಎಂಎಲ್, ನಿಮಿಷಕ್ಕೆ 70 ಬಡಿತ ಅಂದ್ರೆ ಸುಮಾರು 5 ಲೀಟರ್. ಎಕೋದಲ್ಲೂ ಇದನ್ನ ಲೆಕ್ಕ ಹಾಕ್ತೀವಿ, ಆದ್ರೆ ನಮ್ ಕೈ ಮೇಲೆ ತುಂಬ ನಿಂತಿದೆ. ರಕ್ತ ಹೊರಗೆ ಹೋಗೋ ದಾರಿಯ ಅಗಲ ಅಳೀಬೇಕು, ಅದು 20 ಮಿಲಿಮೀಟರ್ ಇರೋದನ್ನ ನಾನು 18 ಅಂತ ಗುರುತು ಹಾಕಿದ್ರೆ ಉತ್ತರ ಹತ್ತಿರ 20 ಪರ್ಸೆಂಟ್ ಕಮ್ಮಿ ಬರುತ್ತೆ, ಯಾಕಂದ್ರೆ ಅಗಲನ ವರ್ಗ ಮಾಡ್ತೀವಿ. ಎರಡೇ ಮಿಲಿಮೀಟರ್! ಅದ್ಕೇ ಹಾಸಿಗೆ ಪಕ್ಕದಲ್ಲೇ ಇಟ್ಟು ಬಿಡದೆ ನೋಡೋ ಅಂಥ ಮಿಷನ್ ಬರ್ಬೇಕು ಅಂತ ನನಗಂತೂ ಆಸೆ ಇದೆ.

ಸರಸ್ವತಿಪುರಂ_ಮಗಳು
ನಮ್ಮಮ್ಮ ಹೋದ್ ವರ್ಷ ಇಂಥದ್ದೇ ಒಂದ್ರಲ್ಲಿ ಸೇರಿದ್ರು. ಕತ್ತಿನ ಎರಡೂ ಕಡೆ, ಪಕ್ಕೆಯ ಎರಡೂ ಕಡೆ ಸ್ಟಿಕ್ಕರ್ ಹಾಕಿ ಇಪ್ಪತ್ತು ನಿಮಿಷ ಮಾತಾಡ್ದೆ ಮಲ್ಗಿ ಅಂದ್ರು, ಅಮ್ಮ ಒಂದ್ಸಲ ಕೆಮ್ಮಿದ್ರು, ಪರದೆ ಮೇಲಿನ ಗೆರೆ ಪೂರ್ತಿ ಅಲ್ಲಾಡಿಹೋಯ್ತು, ಮತ್ತೆ ಮೊದಲಿಂದ ಶುರು ಮಾಡಿದ್ರು. ಕರೆಂಟ್ ಬಿಡ್ತಾರೆ ಅಂತ ಕೇಳಿ ನಾನು ಬೆವ್ತುಹೋಗಿದ್ದೆ, ಅಮ್ಮನಿಗೆ ಏನೂ ಗೊತ್ತಾಗ್ಲಿಲ್ಲ, ಅಂಟು ಇದ್ದ ಜಾಗದಲ್ಲಿ ಎರಡು ದಿನ ಕೆಂಪಗಿತ್ತು ಅಷ್ಟೇ. ನನಗೆ ಬೇಜಾರಾಗಿದ್ದು ಸೈನ್ ಮಾಡಿಸ್ಕೊಂಡ ಫಾರಂ ಕಾಪಿ ಕೊಡ್ದೆ ಕಳ್ಸಿದ್ದು. ಎರಡು ಸಲ ಹೋಗಿ ಕೇಳಿ ಇಸ್ಕೊಂಡೆ. ಅದು ನಮ್ ಹಕ್ಕು, ನೀವು ಕಾಪಿ ಇಲ್ದೆ ಎದ್ದು ಬರ್ಬೇಡಿ.

ಬಯೋಮೆಡಿಕಲ್_ಮೈಸೂರು
ರಕ್ತದಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತೆ, ಬಡಿತ ಬಡಿತಕ್ಕೂ ಎದೆಯ ರೆಸಿಸ್ಟೆನ್ಸ್ ಚೂರು ಬದಲಾಗುತ್ತೆ, ಆ ಮಿಷನ್ ಹಿಡಿಯೋದು ಅದನ್ನೇ. 1960ರ ದಶಕದಲ್ಲಿ ನಾಸಾದವರಿಗಾಗಿ ಬೆಳೆಸಿದ ವಿಧಾನ. ತೊಂದ್ರೆ ಎಲ್ಲಿ ಅಂದ್ರೆ ಶ್ವಾಸಕೋಶದಲ್ಲಿ ನೀರು ತುಂಬಿದ್ರೆ ಲೆಕ್ಕ ತಪ್ಪುತ್ತೆ, ಪಂಪಿಂಗ್ ಕಮ್ಮಿ ಇರೋರಲ್ಲಿ ನೀರು ತುಂಬೋದೂ ಜಾಸ್ತಿ. ಗಟ್ಟಿಮುಟ್ಟಾದ ಕಾಲೇಜ್ ಹುಡುಗ್ರ ಮೇಲೆ ಸರಿ ಬಂದ್ರೆ ಏನ್ ಬಂತು? ಅದ್ಕೇ ನಿಮ್ಮಪ್ಪನಂಥೋರನ್ನ ಕೇಳ್ತಿರೋದು.

ಅಪ್ಪನಿಗೆ ಕಬ್ಬಿನ ಲೆಕ್ಕದಲ್ಲಿ ಹೇಳಿ. ಹೊಸ ವೇಬ್ರಿಡ್ಜ್ ನಂಬಬೇಕಂದ್ರೆ ಅದೇ ಲೋಡನ್ನ ಸೀಲ್ ಆಗಿರೋ ಹಳೇ ವೇಬ್ರಿಡ್ಜಲ್ಲೂ ತೂಗ್ಬೇಕು. ಹೊಸದು ಎಲ್ಲಾ ಲೋಡಿಗೂ ಒಂದೂವರೆ ಪಟ್ಟು ತೋರ್ಸಿದ್ರೂ ಭಾರದ ಲಾರಿ ಭಾರ, ಹಗುರದ್ದು ಹಗುರ ಅಂತಲೇ ಬರುತ್ತೆ, ನೋಡೋಕೆ ಎರಡೂ ತಾಳೆ ಆದಂಗೇ ಕಾಣುತ್ತೆ. ಈ ಮೋಸ ಹಿಡಿಯೋಕೆ ಬ್ಲಾಂಡ್, ಆಲ್ಟ್‌ಮನ್ ಅನ್ನೋ ಇಬ್ರು 1986ರಲ್ಲಿ ಒಂದು ದಾರಿ ಹೇಳ್ಕೊಟ್ರು: ಒಂದೊಂದು ಲೋಡಿಗೂ ಎಷ್ಟು ಹೆಚ್ಚುಕಮ್ಮಿ ಬಂತು ಅಂತ ಕಳೆದು ನೋಡಿ. ಪಂಪಿಂಗ್ ಮಿಷನ್‌ಗಳಿಗೆ ಈ ಹೆಚ್ಚುಕಮ್ಮಿ 30 ಪರ್ಸೆಂಟ್ ಒಳಗಿರ್ಬೇಕು ಅನ್ನೋ ಮಾತು 1999ರಿಂದ ನಡ್ಕೊಂಡ್ ಬಂದಿದೆ. ಹಳೇದೂ 20 ತಪ್ಪಬೋದು, ಹೊಸದೂ 20 ತಪ್ಪಬೋದು, ಎರಡನ್ನೂ ವರ್ಗ ಮಾಡಿ ಕೂಡ್ಸಿ ವರ್ಗಮೂಲ ತೆಗೆದ್ರೆ ಸುಮಾರು 28 ಆಗುತ್ತೆ, ಅದ್ರಿಂದ ಬಂದ ಅಂಕಿ.

ನೀವು ಕೇಳ್ಲೇಬೇಕಾದ್ದು ಒಂದಿದೆ, ಹೋಲಿಸೋದು ಯಾವುದ್ರ ಜೊತೆ? 1970ರಲ್ಲಿ ಸ್ವಾನ್, ಗ್ಯಾಂಜ್ ಅನ್ನೋ ಡಾಕ್ಟರ್‌ಗಳು ತಂದ ಕ್ಯಾಥೆಟರ್ ಇದೆ, ರಕ್ತನಾಳದಿಂದ ಹಾರ್ಟ್ ದಾಟಿ ಹೋಗೋ ತೆಳು ಟ್ಯೂಬು, ತಣ್ಣನೆ ಸಲೈನ್ ಬಿಟ್ಟು ಉಷ್ಣತೆ ನೋಡಿ ಅಳೀತಾರೆ. ಐಸಿಯುನಲ್ಲಿ ಬೇರೆ ಕಾರಣಕ್ಕೆ ಅದನ್ನ ಹಾಕಿದ್ರೆ ಸರಿ, ಬರೀ ಟ್ರಯಲ್‌ಗೋಸ್ಕರ ಹಾಕ್ತೀವಿ ಅಂದ್ರೆ ನಾನಾಗಿದ್ರೆ ಒಪ್ಪಲ್ಲ. ಬರೀ ಎಕೋ ಆದ್ರೆ ಒಪ್ತೀನಿ. ಹೊಸ ಮಿಷನ್ ನಂಬರ್ ನೋಡಿ ಮಾತ್ರೆ ಬದ್ಲಾಯಿಸಲ್ಲ ತಾನೇ ಅಂತಲೂ ಕೇಳಿ. ಪೇಸ್‌ಮೇಕರ್ ಇದ್ರೆ ಮೊದ್ಲೇ ಹೇಳ್ಬೇಕು. ಫಾರಮ್ಮಲ್ಲಿ ಎಥಿಕ್ಸ್ ಕಮಿಟಿ ಫೋನ್ ನಂಬರ್ ಇರ್ಬೇಕು. ಸಿಟಿಆರ್‌ಐ (ದೇಶದಲ್ಲಿ ನಡೆಯೋ ಟ್ರಯಲ್‌ಗಳನ್ನ ನೋಂದಾಯಿಸೋ ಪಟ್ಟಿ) ನಂಬರ್ ಇದ್ರೆ ಆ ವೆಬ್‌ಸೈಟಲ್ಲಿ ನೀವೇ ಹಾಕಿ ನೋಡ್ಬೋದು. ಅರ್ಧದಲ್ಲಿ ಬೇಡ ಅಂತ ಎದ್ದು ಬಂದ್ರೂ ಟ್ರೀಟ್ಮೆಂಟ್ ನಿಲ್ಸೋ ಹಾಗಿಲ್ಲ.

ಪಾಂಡವಪುರ_ಆಲೆಮನೆ
ಎಲ್ರಿಗೂ ತುಂಬಾ ಥ್ಯಾಂಕ್ಸ್. ಫೋನ್ ಮಾಡಿ ಕೇಳ್ದೆ, ಬರೀ ಎಕೋ ಜೊತೆ ಅಂತೆ, ಟ್ಯೂಬ್ ಏನೂ ಇಲ್ಲ, ಮಾತ್ರೆನೂ ಬದಲಾಗಲ್ವಂತೆ. ಸಿಟಿಆರ್‌ಐನಲ್ಲೂ ಸಿಕ್ತು. ವೇಬ್ರಿಡ್ಜ್ ವಿಷಯ ಹೇಳ್ದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು "ಹಂಗಾದ್ರೆ ನಂದೂ ಒಂದ್ ಲೋಡ್ ತೂಗ್ಕೊಳ್ಲಿ ಬುಡು" ಅಂದ್ರು. ಗುರುವಾರ ಹೋಗ್ತಿದೀವಿ. ಎದೆ ಕೂದ್ಲು ಪೂರ್ತಿ ಬೋಳಿಸ್ತಾರಾ ಅಂತ ಕೇಳ್ತಿದ್ದಾರೆ.

ಸರಸ್ವತಿಪುರಂ_ಮಗಳು
ಸ್ಟಿಕ್ಕರ್ ಕೂರೋ ಜಾಗದಲ್ಲಿ ಮಾತ್ರ ತೆಗೀಬೋದು. ಅವತ್ತು ಬೆಳಿಗ್ಗೆ ಮೈಗೆ ಎಣ್ಣೆ ಹಚ್ಕೊಂಡು ಹೋಗ್ಬೇಡಿ ಅನ್ನಿ, ಅಂಟಲ್ಲ.