ಲೆಗೊ ತುಂಡುಗಳಲ್ಲಿ ಐಎನ್‌ಎಸ್ ತರಂಗಿಣಿ: ಮುಂಭಾಗದ ಬಾಗು ಕೂಡಿಸುವುದು ಹೇಗೆ?

ಹವ್ಯಾಸಿ, ದಾವಣಗೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ನೌಕಾಪಡೆಯ ತರಬೇತಿ ಹಾಯಿಹಡಗಾದ ತರಂಗಿಣಿಯನ್ನು ಯಾವ ಸಿದ್ಧ ಸೆಟ್ಟಿನ ನೆರವೂ ಇಲ್ಲದೆ, ಸ್ವಂತ ವಿನ್ಯಾಸದಲ್ಲಿ ಲೆಗೊ ತುಂಡುಗಳಿಂದ ಕಟ್ಟಬೇಕೆಂದಿದ್ದೇನೆ. ಗೋವಾ ಶಿಪ್‌ಯಾರ್ಡ್‌ನಲ್ಲಿ ನಿರ್ಮಾಣಗೊಂಡು 1997ರಲ್ಲಿ ನೌಕಾಪಡೆಗೆ ಸೇರಿದ ಈ ಹಡಗು 54 ಮೀಟರ್ ಉದ್ದ, ಸುಮಾರು 8.5 ಮೀಟರ್ ಅಗಲವಿದ್ದು, ಮೂರು ಕೂವೆಮರಗಳನ್ನು ಹೊಂದಿದೆ. ಅಗಲವನ್ನು 12 ಸ್ಟಡ್‌ಗೆ (ಸ್ಟಡ್ ಎಂದರೆ ಲೆಗೊ ತುಂಡಿನ ಮೇಲಿನ ಗುಂಡಿ; ಒಂದರ ಜಾಗ 8 ಮಿಲಿಮೀಟರ್) ಇಳಿಸಿದರೆ ಪ್ರಮಾಣ ಸುಮಾರು 1:89 ಆಗಿ, ಉದ್ದ 76 ಸ್ಟಡ್, ಅಂದರೆ 61 ಸೆಂಟಿಮೀಟರ್ ಬರುತ್ತದೆ. ಮನೆಯ ಷೋಕೇಸಿನಲ್ಲಿ ಹಿಡಿಸುವುದೂ ಅಷ್ಟೇ.

ನಡುಭಾಗವನ್ನು ಲೆಗೊ ವಿನ್ಯಾಸದ ಸ್ಟುಡಿಯೋ ತಂತ್ರಾಂಶದಲ್ಲಿ ಜೋಡಿಸಿಯಾಗಿದೆ. ಮುಂಭಾಗಕ್ಕೆ ಬಂದಾಗ ಮಾತ್ರ, ಎರಡೂ ಬದಿಗಳು ಒಳಕ್ಕೆ ಸರಿಯುತ್ತಾ ಕೆಳಗೂ ಕಿರಿದಾಗಬೇಕಾದ ಕಡೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದೆ. ಮೆಟ್ಟಿಲು ತಪ್ಪಿಸಲು ಬದಿಗಳನ್ನು ಓರೆ ಮಾಡಿದರೆ ಅವು ಕೂಡುವಲ್ಲಿ ಸಂದು ಬೀಳುತ್ತದೆ. ಇದಕ್ಕೆ ದಾರಿ ಏನು? ಹಾಯಿಗಳಿಗೆ ಯಾವ ಬಟ್ಟೆ ಒಳ್ಳೆಯದೆಂಬುದನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.

ದುರ್ಗದವನು, ಚಿತ್ರದುರ್ಗ

ಸರ್, ಅಳತೆಯಿಂದ ಆರಂಭಿಸಿರುವುದು ಒಳ್ಳೆಯದಾಯಿತು. 1989ರ ಬ್ಲ್ಯಾಕ್ ಸೀಸ್ ಬ್ಯಾರಕುಡಾದಂಥ ಕಡಲ್ಗಳ್ಳರ ಸೆಟ್ಟುಗಳಲ್ಲಿ ಬರುವ ಅಚ್ಚಿನ ತಳದ ತುಂಡುಗಳನ್ನು ಬಳಸುವ ಯೋಚನೆ ಬಂದರೆ ಬಿಟ್ಟುಬಿಡಿ. ಅವು ಉದ್ದಕ್ಕೆ ಹೋಲಿಸಿದರೆ ಬಹಳ ಅಗಲ; ತರಂಗಿಣಿಯಂಥ ಸಪೂರ ಹಡಗಿಗೆ ಹೊಂದುವುದಿಲ್ಲ.

ಸ್ಟಡ್‌ಗಳು ಮೇಲ್ಮುಖವಾಗಿರುವಂತೆ ಕಟ್ಟಿಕೊಂಡು ಹೋಗುವವರೆಗೂ ಮೆಟ್ಟಿಲು ತಪ್ಪದು, ಏಕೆಂದರೆ ಅಡ್ಡಕ್ಕೆ ಒಂದು ಹೆಜ್ಜೆ ಎಂದರೆ 8 ಮಿಲಿಮೀಟರ್. ಬದಿಗಳನ್ನು ಮಗ್ಗುಲಾಗಿ, ಸ್ಟಡ್‌ಗಳು ಹೊರಮುಖವಾಗಿರುವಂತೆ ಕಟ್ಟಿದರೆ ಒಂದು ಹೆಜ್ಜೆ ಪ್ಲೇಟಿನ (ಚಪ್ಪಟೆ ತುಂಡಿನ) ದಪ್ಪಕ್ಕೆ, ಅಂದರೆ 3.2 ಮಿಲಿಮೀಟರಿಗೆ ಇಳಿಯುತ್ತದೆ. ನಿಮ್ಮ ಪ್ರಮಾಣದಲ್ಲಿ ಅದು ನಿಜವಾದ ಹಡಗಿನ 28 ಸೆಂಟಿಮೀಟರ್ ಮಾತ್ರ. ಐದು ಪ್ಲೇಟುಗಳ ದಪ್ಪ ಎರಡು ಸ್ಟಡ್‌ಗಳ ಅಗಲಕ್ಕೆ ಸರಿಯಾಗಿ ಸಮನಾಗುವುದರಿಂದ, ಒಳಗಿನ ಚೌಕಟ್ಟನ್ನು 8 ಸ್ಟಡ್ ಅಗಲಕ್ಕೆ ಕಟ್ಟಿ, ಎರಡೂ ಕಡೆ ಐದೈದು ಪ್ಲೇಟುಗಳ ಪದರ ಕೂರಿಸಿದರೆ ನಿಮ್ಮ 12 ಸ್ಟಡ್ ಕೂದಲೆಳೆಯೂ ಹೆಚ್ಚುಕಡಿಮೆಯಾಗದೆ ಸಿಗುತ್ತದೆ. ಮೇಲೆ ಐದು ಪದರ, ತಳದ ಹತ್ತಿರ ಒಂದು ಎಂದು ಇಳಿಸುತ್ತಾ ಬಂದರೆ ಹೊಟ್ಟೆಯ ಬಾಗು ತಾನಾಗಿ ಬರುತ್ತದೆ. ಉಳಿದ ಅಂಚುಗಳನ್ನು ಬಾಗು ಸ್ಲೋಪ್ ತುಂಡುಗಳಿಂದ ಮುಚ್ಚಬಹುದು.

ಸಂದು ಬೀಳುವುದು ಲೆಕ್ಕದ ವಿಷಯ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಇಲ್ಲಿ ಕೈಹಿಡಿಯುತ್ತಾನೆ. ತುದಿಯ ಕಂಬವನ್ನು 2 ಸ್ಟಡ್ ಅಗಲ ಇಟ್ಟರೆ ಪ್ರತಿ ಬದಿಯೂ 5 ಸ್ಟಡ್ ಒಳಕ್ಕೆ ಬರಬೇಕು. ಅದನ್ನು 12 ಸ್ಟಡ್ ಉದ್ದದಲ್ಲಿ ಸಾಧಿಸಿದರೆ ಓರೆ ಬದಿಯ ಉದ್ದ ಕರಾರುವಾಕ್ಕಾಗಿ 13 ಸ್ಟಡ್ ಆಗುತ್ತದೆ, ಹೀಗಾಗಿ ಎರಡೂ ತುದಿಗಳನ್ನು ಕೀಲುಗಳಿಂದ ಬಿಗಿಯಾಗಿ ಹಿಡಿಸಬಹುದು. ಹಲ್ಲುಗಳಿರುವ ಕೀಲು ಬೇಡ, ಅದು ಗೊತ್ತಾದ ಕೋನಗಳಲ್ಲಷ್ಟೇ ನಿಲ್ಲುತ್ತದೆ. ನಯವಾಗಿ ತಿರುಗುವ 1×4 ಕೀಲು ಪ್ಲೇಟ್ ಸಾಕು.

ಪೇಟೆಬೀದಿ, ದಾವಣಗೆರೆ

ಮೇಲಿನವರ ಪದರದ ಲೆಕ್ಕವನ್ನು ಒಪ್ಪುತ್ತೇನೆ, ತುದಿಯ ಕಂಬವನ್ನು ಒಪ್ಪಲಾರೆ. 1:89ರಲ್ಲಿ 2 ಸ್ಟಡ್ ಎಂದರೆ 1.4 ಮೀಟರ್ ದಪ್ಪ. ಅಷ್ಟು ಮೊಂಡಾದ ಮುಂಭಾಗ ಸರಕು ದೋಣಿಗೆ ಸರಿ, ತರಂಗಿಣಿಗೆ ಅಲ್ಲ. ಕೀಲು ಹಾಕಿದ ಬದಿಯನ್ನು ಮೇಲ್ಗಟ್ಟಿನ (ಡೆಕ್‌ನ) ಮಟ್ಟದಲ್ಲಿ ಮಾತ್ರ ಇಟ್ಟುಕೊಂಡು, ಅದಕ್ಕಿಂತ ಕೆಳಗೆ ಎಡ–ಬಲ ಜೋಡಿಯಾಗಿ ದೊರೆಯುವ ಉದ್ದನೆಯ ಓರೆ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿ, ಪ್ರತಿ ಪದರವನ್ನೂ ಒಂದೊಂದು ಸ್ಟಡ್ ಹಿಂದಕ್ಕೆ ಸರಿಸುತ್ತಾ ಹೋಗಿ. ಬಿಳಿ ಹಡಗಾದ್ದರಿಂದ ಪದರಗಳ ಗೆರೆ ಅಷ್ಟಾಗಿ ಕಾಣುವುದಿಲ್ಲ.

ಬಿಳಿಯ ಬಗ್ಗೆಯೂ ಒಂದು ಮಾತು. ಲೆಗೊ ತುಂಡುಗಳ ಎಬಿಎಸ್ ಪ್ಲಾಸ್ಟಿಕ್ ಬಿಸಿಲಿಗೆ ಹಳದಿ ತಿರುಗುತ್ತದೆ, ನಮ್ಮೂರಿನ ಬಿಸಿಲನ್ನು ನಿಮಗೆ ಬೇರೆ ಹೇಳಬೇಕಿಲ್ಲ. ಷೋಕೇಸು ಕಿಟಕಿಗೆ ಎದುರಾಗಿದ್ದರೆ ಜಾಗ ಬದಲಿಸಿ. ಹಳೆಯ ತುಂಡುಗಳನ್ನೂ ಬೇರೆ ಕಂಪನಿಯ ತುಂಡುಗಳನ್ನೂ ಬೆರೆಸುವುದಾದರೆ ಒಳಚೌಕಟ್ಟಿಗಷ್ಟೇ ಬಳಸಿ. ಹೊರಮೈಯಲ್ಲಿ ಬಿಳಿಯ ಛಾಯೆ ಬೇರೆಬೇರೆಯಾದರೆ ತೇಪೆ ಹಾಕಿದಂತೆ ಕಾಣುತ್ತದೆ.

ಹೊಲಿಗೆಮನೆ, ದಾವಣಗೆರೆ

ಹಾಯಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಹತ್ತಿ ಗಿರಣಿಗಳಿಂದಲೇ ಹೆಸರಾಗಿದ್ದ ಊರಿನಲ್ಲಿ ಕುಳಿತು ಪಾಲಿಯೆಸ್ಟರ್ ಹಾಯಿ ಏರಿಸುವುದು ನ್ಯಾಯವಲ್ಲ! ಚೌಕಿಪೇಟೆಯಲ್ಲಿ ತೆಳುವಾದ ಹತ್ತಿಯ ಲೈನಿಂಗ್ ಬಟ್ಟೆ ತೆಗೆದುಕೊಂಡು, ಮೊದಲು ಒಮ್ಮೆ ಒಗೆದು ಒಣಗಿಸಿ. ಕತ್ತರಿಸುವ ಮುನ್ನ ಅಂಚಿನ ಗೆರೆಯ ಉದ್ದಕ್ಕೂ ನೀರು ಬೆರೆಸಿದ ಫೆವಿಕಾಲ್ ಸವರಿ ಒಣಗಲು ಬಿಟ್ಟರೆ ಎಳೆ ಬಿಡುವುದಿಲ್ಲ.

ಅಂಚು ಮಡಚಿ ಮಷಿನ್ ಹೊಲಿಗೆ ಹಾಕುವ ಆಸೆ ಬೇಡ. ಎರಡು ಮಿಲಿಮೀಟರಿನ ಒಂದು ಟಾಕೆ ನಿಮ್ಮ ಪ್ರಮಾಣದಲ್ಲಿ ಸುಮಾರು 18 ಸೆಂಟಿಮೀಟರ್ ಆಗುತ್ತದೆ. ಅಷ್ಟುದ್ದದ ಹೊಲಿಗೆಯ ಹಾಯಿಯನ್ನು ಯಾವ ನಾವಿಕನೂ ಕಂಡಿರಲಾರ. ಜೋಡಣೆಯ ಗೆರೆಗಳನ್ನು ಪೆನ್ಸಿಲ್ಲಿನಲ್ಲಿ ಸಣ್ಣಗೆ ಎಳೆದರೆ ಸಾಕು. ಗಾಳಿ ತುಂಬಿದಂತೆ ಉಬ್ಬಬೇಕಾದರೆ ಬಟ್ಟೆಯನ್ನು ತಿಳಿ ಅನ್ನದ ಗಂಜಿಯಲ್ಲಿ ಅದ್ದಿ, ಹಿಂಡದೆ, ಬೋರಲು ಹಾಕಿದ ಸ್ಟೀಲ್ ಬೋಗುಣಿಯ ಬೆನ್ನಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅದರ ಮೇಲೆ ಹರಡಿ. ಮೂಲೆಗಳನ್ನು ಬೆರಳಿನಿಂದ ಎಳೆದು ಸುಕ್ಕು ಬಿಡಿಸಿ, ನೆರಳಿನಲ್ಲಿ ಒಣಗಿಸಿ. ಗಂಜಿ ದಪ್ಪವಾದರೆ ಒಣಗಿದ ಮೇಲೆ ಬಿಳಿಯ ಪುಡಿ ಉದುರುತ್ತದೆ, ಜಿರಲೆಯೂ ಹುಡುಕಿಕೊಂಡು ಬರುತ್ತದೆ. ಹಗ್ಗಕ್ಕೆ ಅರ್ಧ ಮಿಲಿಮೀಟರಿಗಿಂತ ದಪ್ಪ ದಾರ ಬೇಡ. ಜೇನುಮೇಣಕ್ಕೆ ತಿಕ್ಕಿಕೊಂಡರೆ ಜುಂಗು ಏಳುವುದಿಲ್ಲ.

ಹವ್ಯಾಸಿ, ದಾವಣಗೆರೆ

ಎಲ್ಲರಿಗೂ ಕೃತಜ್ಞತೆಗಳು. ಪದರದ ವಿಧಾನವನ್ನೂ ಓರೆ ಪ್ಲೇಟುಗಳನ್ನೂ ಕೂಡಿಸಿ ಮುಂಭಾಗದ ಹೊಸ ನಕ್ಷೆ ಮಾಡುತ್ತಿದ್ದೇನೆ. ಕೂವೆಮರಗಳನ್ನು 2×2 ದುಂಡು ಬ್ರಿಕ್‌ಗಳಿಂದ ಏರಿಸಿದರೆ ದಾರ ಬಿಗಿದಾಗ ನಿಲ್ಲುತ್ತವೆಯೇ?

ದುರ್ಗದವನು, ಚಿತ್ರದುರ್ಗ

ಬರೀ ಬ್ರಿಕ್‌ಗಳಾದರೆ ಬಾಗಿ ಕಳಚಿಕೊಳ್ಳುತ್ತವೆ. ಆ ದುಂಡು ಬ್ರಿಕ್‌ಗಳ ನಡುವೆ ಆಕ್ಸಲ್ (ಕಡ್ಡಿ) ತೂರುವ ರಂಧ್ರವಿದೆ. ಉದ್ದನೆಯ ಟೆಕ್ನಿಕ್ (ಲೆಗೊದ ಯಂತ್ರಭಾಗಗಳ ಸರಣಿ) ಆಕ್ಸಲನ್ನು ಅದರೊಳಗೆ ಇಳಿಸಿ, ಬುಡವನ್ನು ಮೇಲ್ಗಟ್ಟಿಗಲ್ಲದೆ ತಳದವರೆಗೆ ಒಯ್ದು ಟೆಕ್ನಿಕ್ ಬ್ರಿಕ್‌ಗೆ ಕಚ್ಚಿಸಿ. ದಾರ ಬಿಗಿಯುವಾಗ ಎಡಕ್ಕೊಂದು, ಬಲಕ್ಕೊಂದು ಎಂದು ಸರದಿಯಲ್ಲಿ ಕಟ್ಟಬೇಕು. ಒಂದು ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಮರ ವಾಲುತ್ತದೆ. ಕೂವೆಯನ್ನು ಹಿಡಿದು ನಿಲ್ಲಿಸುವ ಹಗ್ಗಗಳು ಮುಗಿದ ಮೇಲಷ್ಟೇ ಅಡ್ಡಮರ, ಹಾಯಿಗಳನ್ನು ಎಳೆಯುವ ಹಗ್ಗಗಳಿಗೆ ಕೈಹಾಕಿ.

ತಂತ್ರಾಂಶದ ನಕ್ಷೆಯಲ್ಲಿ ಇನ್ನೊಂದನ್ನು ನೋಡಿಕೊಳ್ಳಿ. ತರಂಗಿಣಿ ಬಾರ್ಕ್ ಮಾದರಿಯದು: ಮುಂದಿನ ಎರಡು ಕೂವೆಗಳಿಗೆ ಅಡ್ಡಮರದ ಚೌಕ ಹಾಯಿಗಳಿದ್ದರೆ, ಹಿಂದಿನ ಕೂವೆಯದು ಹಡಗಿನ ಉದ್ದಕ್ಕೆ ನಿಲ್ಲುವ ಹಾಯಿ. ಆ ಕೂವೆಗೆ ಅಡ್ಡಮರದ ತುಂಡುಗಳನ್ನು ತರಿಸುವ ಅಗತ್ಯವಿಲ್ಲ. ಮುಂಭಾಗ ಒಂದನ್ನೇ ಮೊದಲು ಕೈಯಲ್ಲಿರುವ ಯಾವ ಬಣ್ಣದ ತುಂಡುಗಳಿಂದಲಾದರೂ ಕಟ್ಟಿ ನೋಡಿ, ಕೀಲು ಸರಿಯಾಗಿ ಕೂತ ಮೇಲೆ ಬಿಳಿ ತುಂಡುಗಳಿಗೆ ಹಣ ಕಳುಹಿಸಿ.