ಒಬ್ಬರ ಪಾಠ ಇನ್ನೊಬ್ಬರು ನೋಡೋಕೆ ಸ್ಟಾಫ್ ಒಪ್ತಿಲ್ಲ. ಮಾಡಿದವರು ಅನುಭವ ಹೇಳಿ

ಹೊಸ ಎಚ್‌ಎಂ: ಬಡ್ತಿ ಮೇಲೆ ಮುಖ್ಯೋಪಾಧ್ಯಾಯನಾಗಿ (ಎಚ್‌ಎಂ) ಸರ್ಕಾರಿ ಪ್ರೌಢಶಾಲೆಗೆ ಬಂದು ಮೂರು ತಿಂಗಳು. ಎಂಟು ಜನ ಶಿಕ್ಷಕರು. ವಾರಕ್ಕೊಂದು ಪೀರಿಯಡ್ ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕೂತು ನೋಡಿ, ಶನಿವಾರ ಮಾತಾಡೋಣ ಅಂದೆ. 'ತಪ್ಪು ಹುಡುಕೋಕಾ ಸರ್?' ಅಂದ್ರು. ಹೇಗೆ ಶುರು ಮಾಡಲಿ?

ಬಯಲುಸೀಮೆ ಮೇಷ್ಟ್ರು: ನಾಲ್ಕು ವರ್ಷ ಎಚ್‌ಎಂ ಆಗಿ ಇದನ್ನೇ ಮಾಡಿದೆ. ಕೈಯಿಂದ ಹೋದದ್ದು 18,600 ರೂಪಾಯಿ. ಪ್ರೊಜೆಕ್ಟರ್ ರಿಪೇರಿ 4,200, ಯುಪಿಎಸ್ ಬ್ಯಾಟರಿ ಎರಡು ಸಲ ಸೇರಿ 9,800, ಉಳಿದದ್ದು ಜೆರಾಕ್ಸ್, ಶನಿವಾರದ ಚಹಾ, ಮಂಡಕ್ಕಿ. ಎಲ್ಲರೂ ಒಗ್ಗಿಕೊಂಡರು ಅನ್ನೋ ಹೊತ್ತಿಗೆ ವರ್ಗಾವಣೆ ಕೌನ್ಸೆಲಿಂಗ್ ಬಂತು, ಒಂದೇ ಬೇಸಿಗೆಯಲ್ಲಿ ಐವರು ಹೋದರು. 2024ರಲ್ಲಿ ಎಸ್‌ಎಸ್‌ಎಲ್‌ಸಿಗೆ ವೆಬ್‌ಕಾಸ್ಟಿಂಗ್, ಅಂದ್ರೆ ಪರೀಕ್ಷಾ ಕೊಠಡಿಯಲ್ಲಿ ಕ್ಯಾಮೆರಾ ಇಟ್ಟು ನೇರವಾಗಿ ನೋಡೋದು. ರಾಜ್ಯದ ಫಲಿತಾಂಶವೇ ಶೇ. 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ (ಗ್ರೇಸ್ ಮಾರ್ಕ್ಸ್) ಶೇ. 20ಕ್ಕೆ ಏರಿಸಿದ ಮೇಲೆ. ನಮ್ಮದೂ ಇಳಿಯಿತು. ನೋಟಿಸ್ ಬಂದದ್ದು ನನ್ನ ಹೆಸರಿಗೆ. ನಾಲ್ಕು ವರ್ಷ ಏನು ಮಾಡಿದ್ರಿ ಅಂತ ಒಬ್ಬರೂ ಕೇಳಲಿಲ್ಲ.

ಗಣಿತ ಟೀಚರ್: ಇಳಿದದ್ದು ಕಾಪಿ ನಿಂತಿದ್ದಕ್ಕೆ ಸರ್, ಅದನ್ನ ಒಪ್ಪಿಕೊಳ್ಳೋಣ.
ನಾವು ತರಗತಿಗೆ ಹೋಗಲೇ ಇಲ್ಲ. ಮಕ್ಕಳ ಉತ್ತರಪತ್ರಿಕೆ ಹಿಡಿದು ಕೂತೆವು. ಮೊದಲ ಶನಿವಾರ ನಮ್ಮ ಎಚ್‌ಎಂ ತಾವು ತಿದ್ದಿದ ಸಮಾಜ ವಿಜ್ಞಾನದ ಕಟ್ಟು ಮೇಜಿನ ಮೇಲಿಟ್ಟು, 'ನಾನೆಲ್ಲಿ ಎಡವಿದ್ದೀನಿ ನೋಡಿ' ಅಂದರು. ಮುಂದಿನ ವಾರ ನನ್ನ ಸರದಿ. ಸಮರೂಪ ತ್ರಿಭುಜದ ಲೆಕ್ಕದಲ್ಲಿ 41 ಮಕ್ಕಳಲ್ಲಿ 26 ಮಂದಿ ಅನುರೂಪ ಬಾಹುಗಳನ್ನು ಅದಲುಬದಲು ಬರೆದಿದ್ದರು. ಅಜಾಗರೂಕತೆ ಅಂದೆ ನಾನು. ಡ್ರಾಯಿಂಗ್ ಮೇಷ್ಟ್ರು ನನ್ನ ನೋಟ್ಸ್ ತಿರುವಿ ಹಾಕಿ, 'ಮೇಡಂ, ನೀವು ಬರೆದ ತ್ರಿಭುಜ ಎಲ್ಲಾ ಒಂದೇ ದಿಕ್ಕಿಗೆ ಕೂತಿವೆ. ಪ್ರಶ್ನೆಯಲ್ಲಿ ಒಂದು ತಲೆಕೆಳಗಾಗಿದೆ' ಅಂದರು. ಹದಿನಾಲ್ಕು ವರ್ಷದ ಸರ್ವಿಸ್‌ನಲ್ಲಿ ನನಗದು ಕಂಡಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಬಯಲುಸೀಮೆ ಮೇಷ್ಟ್ರು: ನಮ್ಮ ಶಾಲೆಯಲ್ಲಿ ಕಾಪಿ ನಡೀತಿತ್ತು ಅಂತ ನಿಮಗೆ ಹೇಳಿದ್ಯಾರು ಮೇಡಂ? ಮಾತು ವಾಪಸ್ ತಗೊಳ್ಳಿ.

ಗಣಿತ ಟೀಚರ್: ರಾಜ್ಯದ ಮಾತು ಹೇಳಿದೆ ಸರ್, ನಿಮ್ಮ ಶಾಲೆ ಹೆಸರು ಎತ್ತಿಲ್ಲ. ವಾಪಸ್ ತಗೊಳ್ಳೋದೂ ಇಲ್ಲ.

ಅತಿಥಿ ಶಿಕ್ಷಕ: ಶಿಕ್ಷಕರೂ ಒಬ್ಬರಿಂದೊಬ್ಬರು ಕಲಿಯೋ ಶಾಲೆ ಬೇಕು ಅಂತೀರಿ, ಅದರಲ್ಲಿ ನಾವಿದ್ದೀವಾ? 2023ರಲ್ಲಿ ತಿಂಗಳಿಗೆ 10,500ಕ್ಕೆ ಮೂರು ತರಗತಿಗೂ ವಿಜ್ಞಾನ ಮಾಡಿದೆ. ಮಾರ್ಚ್‌ನ ಗೌರವಧನ ಜುಲೈನಲ್ಲಿ ಬಂತು. ದಿನಕ್ಕೆ 64 ರೂಪಾಯಿ ಬಸ್ ಚಾರ್ಜು. ಶನಿವಾರದ ಸಭೆಗೆ ಅಂತ ಕಾದು ಕೂತರೆ 'ಇದು ಕಾಯಂ ಸಿಬ್ಬಂದಿ ಸಭೆ, ನೀವು ಹೊರಡಿ' ಅಂದ್ರು. ಎಂಟನೇ ತರಗತಿಯಲ್ಲಿ ಯಾರಿಗೆ ಓದೋಕೇ ಬರಲ್ಲ ಅಂತ ನನಗೊಬ್ಬನಿಗೇ ಗೊತ್ತಿತ್ತು.

ಬಯಲುಸೀಮೆ ಮೇಷ್ಟ್ರು: ನಡುವರ್ಷದಲ್ಲಿ ಬಿಟ್ಟು ಹೋಗೋರನ್ನ ನಂಬಿ ಏನು ಕಟ್ಟೋದು?

ಅತಿಥಿ ಶಿಕ್ಷಕ: ನಿಮ್ಮ ಕಾಯಂನವರು ಐದು ಜನ ಹೋದ್ರಲ್ಲ ಸರ್, ಒಂದೇ ಬೇಸಿಗೆಯಲ್ಲಿ.

ಹೊಸ ಎಚ್‌ಎಂ: ದಯವಿಟ್ಟು ಜಗಳ ಬೇಡ. ಟೀಚರ್, ಉತ್ತರಪತ್ರಿಕೆ ಮೇಲೆ ಮಕ್ಕಳ ಹೆಸರು ಇಟ್ಟೇ ನೋಡಿದ್ರಾ?

ಗಣಿತ ಟೀಚರ್: ಇಲ್ಲ, ಮೇಲಿನ ಅಂಚು ಮಡಚಿ ಪಿನ್ ಹೊಡೀತಿದ್ವಿ. ಹೆಸರು ಕಂಡರೆ 'ಅವನು ದಡ್ಡ' ಅಂತ ಅಲ್ಲಿಗೇ ಮಾತು ನಿಂತುಬಿಡುತ್ತೆ.

ಬಯಲುಸೀಮೆ ಮೇಷ್ಟ್ರು: ನಾವು ಬರೆದಿಟ್ಟ ರಿಜಿಸ್ಟರ್ ಆ ಶಾಲೆಯ ಬೀರುವಿನಲ್ಲೇ ಇದೆ. ಎರಡನೇ ಖಾನೆ, ಕೆಂಪು ರಟ್ಟು. ಹೊಸಬರು ಇನ್ನೂ ತೆಗೆದಿಲ್ಲ ಅಂತ ಜವಾನ ಹೇಳಿದ.