ಪೇಟೆಂಟಿನ ‘ಆಬ್ವಿಯಸ್’ಗೆ ಕನ್ನಡದಲ್ಲಿ ಏನನ್ನೋಣ?

ಪೆನ್ನಿನಿಂದ ಕಂಪ್ಯೂಟರಿಗೆ ಬರೆಯುವ ತಂತ್ರದ ಬಗ್ಗೆ ಒಂದು ಲೇಖನ ಬರೆಯುತ್ತಾ ಇದ್ದೇನೆ, ಪೇಟೆಂಟ್ ಕಾನೂನಿನ ‘ಆಬ್ವಿಯಸ್’ (ಆ ಕೆಲಸ ಬಲ್ಲವರಿಗೆ ಸುಲಭವಾಗಿ ತೋಚುವಂಥದು, ಅಂಥದಕ್ಕೆ ಪೇಟೆಂಟ್ ಇಲ್ಲ) ಬಂದಲ್ಲಿ ಕೈ ನಿಂತುಬಿಟ್ಟಿದೆ. ಮೊದಲು ‘ಸ್ಪಷ್ಟ’ ಅಂತ ಹಾಕಿದೆ. ‘ಈ ಆವಿಷ್ಕಾರ ಸ್ಪಷ್ಟವಾಗಿದೆ, ಆದ್ದರಿಂದ ಪೇಟೆಂಟ್ ಸಿಗದು.’ ಸ್ಪಷ್ಟವಾಗಿದ್ದರೆ ಒಳ್ಳೆಯದೇ ಅಲ್ವಾ? ‘ಎದ್ದು ಕಾಣುವ’ ಅಂದರೆ ಅದು ಕಣ್ಣಿನ ಮಾತಾಯಿತು.

ಪ್ರಸಂಗ ಹೀಗಿದೆ. ಝೆರಾಕ್ಸ್ ಕಂಪನಿಯ ಡೇವಿಡ್ ಗೋಲ್ಡ್‌ಬರ್ಗ್ 1993ರಲ್ಲಿ ‘ಯೂನಿಸ್ಟ್ರೋಕ್ಸ್’ಗೆ ಪೇಟೆಂಟ್ ಕೇಳಿದರು, 1997ರಲ್ಲಿ ಸಿಕ್ಕಿತು. ಅಕ್ಷರಕ್ಕೆ ಒಂದೇ ಗೀಟು. ಪೆನ್ ಎತ್ತಿದರೆ ಅಕ್ಷರ ಮುಗಿಯಿತು. ಒಂದು ಅಕ್ಷರ ಎಲ್ಲಿ ನಿಂತು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಯಂತ್ರ ತಡಕಾಡಬೇಕಿಲ್ಲ, ಅಂಗೈಯಗಲದ ಪರದೆಯಲ್ಲಿ ಒಂದರ ಮೇಲೊಂದು ಬರೆದರೂ ನಡೆಯುತ್ತದೆ. ಅಂಗೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರ್ ಪಾಮ್ ಪೈಲಟ್‌ನ ‘ಗ್ರಾಫಿಟಿ’ ಎಂಬ ಬರವಣಿಗೆಯ ಪದ್ಧತಿಯಲ್ಲೂ ಹೀಗೇ, ಇಂಗ್ಲಿಷಿನ ‘ಎ’ಗೆ ಅಡ್ಡಗೆರೆಯೇ ಇರಲಿಲ್ಲ, ಮನೆಯ ಮಾಡಿನ ಹಾಗೆ ಹತ್ತಿ ಇಳಿದರೆ ಸಾಕು. ಇದು ನಮ್ಮದೇ ಅಂತ ಝೆರಾಕ್ಸ್ 1997ರಲ್ಲಿ ಕೋರ್ಟಿಗೆ ಹೋಯಿತು. 2004ರಲ್ಲಿ ಅಮೆರಿಕದ ಕೋರ್ಟು ಆ ಪೇಟೆಂಟೇ ಊರ್ಜಿತವಲ್ಲ ಎಂದಿತು, ಆಬ್ವಿಯಸ್ ಅನ್ನುವುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಆಮೇಲೂ ಎಳೆದಾಡಿ 2006ರಲ್ಲಿ 2.25 ಕೋಟಿ ಡಾಲರಿಗೆ ರಾಜಿಯಾಯಿತು.

ಈಗ ಕೇಳಿದರೆ ಯಾರಿಗಾದರೂ ‘ಇಷ್ಟೇನಾ’ ಅನ್ನಿಸುತ್ತದೆ. ಆದರೆ ಕಂಡ ಮೇಲೆ ಸುಲಭ ಅನ್ನಿಸುವುದು ಲೆಕ್ಕಕ್ಕಿಲ್ಲ. ಆ ಕಾಲದಲ್ಲಿ, ಈ ಕೆಲಸ ಬಲ್ಲ ಸಾಧಾರಣ ಎಂಜಿನಿಯರೊಬ್ಬರ ಮುಂದೆ ಅಲ್ಲಿಯವರೆಗಿನ ಪೆನ್ನು, ಟ್ಯಾಬ್ಲೆಟ್ಟು, ಶಾರ್ಟ್‌ಹ್ಯಾಂಡು ಎಲ್ಲ ಹರಡಿಟ್ಟಿದ್ದರೆ ಅವರಿಗೆ ಇದು ಹೊಳೆಯುತ್ತಿತ್ತೇ? ಕೇಳಬೇಕಾದ್ದು ಇದನ್ನು.

ಈ ವಾಕ್ಯ ಬರೆಯುವಾಗಲೇ ಪದ ಸಿಕ್ಕಿತು ನೋಡಿ. ಹೊಳೆ. ಕನ್ನಡದಲ್ಲಿ ‘ಸ್ಪಷ್ಟ’ ಅಂತ ಸುಮ್ನೆ ಹೇಳಿ ಬಿಡಬಹುದು, ಯಾರೂ ಬೇಕಿಲ್ಲ. ‘ಹೊಳೆಯಿತು’ ಅಂದರೆ ಯಾರಿಗೆ ಅನ್ನುವ ಪ್ರಶ್ನೆ ಕೂಡಲೇ ಬರುತ್ತದೆ: ನನಗೆ, ಅವಳಿಗೆ, ಕಸುಬು ಬಲ್ಲವರಿಗೆ. ಕಾನೂನಿಗೂ ಬೇಕಾದ್ದು ಆ ‘ಗೆ’ ಪ್ರತ್ಯಯವೇ. ನಮ್ಮ 1970ರ ಪೇಟೆಂಟ್ ಕಾಯ್ದೆಯೂ ಯಾರಿಗೆ ಆಬ್ವಿಯಸ್ ಆಗಬಾರದು ಎಂದು ಬಿಡಿಸಿ ಹೇಳುತ್ತದೆ: ‘ಪರ್ಸನ್ ಸ್ಕಿಲ್ಡ್ ಇನ್ ದಿ ಆರ್ಟ್’ಗೆ. ಅಲ್ಲಿನ ‘ಆರ್ಟ್’ ಅನ್ನು ದಯವಿಟ್ಟು ‘ಕಲೆ’ ಮಾಡಬೇಡಿ. ‘ಪ್ರಯರ್ ಆರ್ಟ್’ಗೆ (ಅಲ್ಲಿಯವರೆಗೆ ಗೊತ್ತಿದ್ದ ತಂತ್ರಗಳಿಗೆ) ‘ಹಿಂದಿನ ಕಲೆ’ ಅಂದರೆ ನನಗಂತೂ ಬಟ್ಟೆಯ ಮೇಲಿನ ಕಲೆಯೇ ನೆನಪಾಗುತ್ತದೆ. ಅದು ಕಸುಬು.

ಹಾಗಾಗಿ ಸದ್ಯಕ್ಕೆ ‘ಕಸುಬು ಬಲ್ಲವರಿಗೆ ತಾನಾಗಿ ಹೊಳೆಯುವಂಥದು’ ಎಂದು ಬರೆದಿದ್ದೇನೆ. ವಾಕ್ಯದೊಳಗೆ ಚೆನ್ನಾಗಿ ಕೂರುತ್ತದೆ. ತೊಂದರೆ ಇರುವುದು ‘ನಾನ್‌ಆಬ್ವಿಯಸ್‌ನೆಸ್’ಗೆ. ‘ತಾನಾಗಿ ಹೊಳೆಯದಿರುವಿಕೆ’ ಜಾಸ್ತಿ ಉದ್ದ, ತಲೆಬರಹದಲ್ಲಿ ಹಿಡಿಸುವುದಿಲ್ಲ. ‘ಹೊಳೆ’ಯನ್ನೇ ಉಳಿಸಿಕೊಂಡು ಚಿಕ್ಕದೊಂದು ನಾಮಪದ ಮಾಡಲು ಬರುತ್ತದೆಯೇ? ಕೋರ್ಟು ಕಚೇರಿಯ ಅನುವಾದ ಮಾಡುವವರು ಏನು ಬಳಸುತ್ತೀರಿ?